ಕಬ್ಬನ್ ಎಂಬ ಅಡ್ಡಹೆಸರಿನ ಮೂಲ ಮತ್ತು ಪ್ರಸಾರ

ಐಲ್ ಆಫ್ ಮ್ಯಾನ್ ದ್ವೀಪದವರ ಅಡ್ಡಹೆಸರುಗಳಲ್ಲಿ ಒಂದು ಲಕ್ಷಣ ಮೊದಲ ನೋಟಕ್ಕೇ ಕಾಣುತ್ತದೆ. ಕ್ವೇಲ್, ಕ್ವಿಲಿಯಮ್, ಕಾರ್ಕಿಲ್, ಕಾಟಿಯರ್, ಕ್ಯಾಲಿಸ್ಟರ್, ಕರ್ಮೋಡ್, ಕಬ್ಬನ್ ಇವೆಲ್ಲ ಕಕಾರದಿಂದಲೇ ಆರಂಭವಾಗುತ್ತವೆ. ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಿನ ಕಡಲಲ್ಲಿರುವ ಈ ದ್ವೀಪ ವಿಸ್ತಾರದಲ್ಲಿ ಕೊಡಗು ಜಿಲ್ಲೆಯ ಏಳನೆಯ ಒಂದು ಪಾಲಿನಷ್ಟು ಮಾತ್ರ. ಅಷ್ಟು ಚಿಕ್ಕ ನೆಲದಲ್ಲಿ ಇಷ್ಟೊಂದು ಕಕಾರಗಳು ಆಕಸ್ಮಿಕವಾಗಿ ಕೂಡಿಕೊಂಡವಲ್ಲ.

ದ್ವೀಪದ ನುಡಿಯಾದ ಮ್ಯಾಂಕ್ಸ್, ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್ ಭಾಷೆಗಳ ಒಡಹುಟ್ಟು. ಈ ನುಡಿಗಳಲ್ಲಿ 'ಮ್ಯಾಕ್' ಎಂದರೆ ಮಗ. ಹೇಳುವಾಗ ಒತ್ತು ಬೀಳುತ್ತಿದ್ದುದು ತಂದೆಯ ಹೆಸರಿನ ಮೇಲೆ. ಹಾಗಾಗಿ 'ಮ್ಯಾ' ಸವೆದುಹೋಯಿತು, ಕೊನೆಯ ಕಕಾರ ಮುಂದಿನ ಹೆಸರಿಗೆ ಅಂಟಿಕೊಂಡಿತು. ಮ್ಯಾಕ್ ವಿಲಿಯಮ್ ಹೀಗೆ ಕ್ವಿಲಿಯಮ್ ಆದ, ಮ್ಯಾಕ್ ಅಲಿಸ್ಟರ್ ಕ್ಯಾಲಿಸ್ಟರ್ ಆದ. ದ್ವೀಪ 1266ರವರೆಗೆ ನಾರ್ವೆಯ ದೊರೆಗಳ ಅಧೀನದಲ್ಲಿದ್ದುದರಿಂದ ನಾರ್ಸ್ ಹೆಸರುಗಳೂ ಇದೇ ಅಚ್ಚಿಗೆ ಇಳಿದವು: ಓಟರ್‌ನ ಮಗ ಕಾಟಿಯರ್, ಥಾರ್‌ಕೆಟಿಲ್‌ನ ಮಗ ಕಾರ್ಕಿಲ್. 'ಕ್ರಿಸ್ತನ ಸೇವಕನ ಮಗ' ಎಂಬ ಅರ್ಥದ ಮಿಲ್‌ಕ್ರೀಸ್ಟ್‌ನಂಥ ಹೆಸರುಗಳಲ್ಲಿ ಮಾತ್ರ ಕಕಾರ ಬಿದ್ದುಹೋಗಿ ಮಕಾರ ಉಳಿಯಿತು.

ಕಬ್ಬನ್ನಿನ ಮೂಲರೂಪ ಮ್ಯಾಕ್ ಗಿಬ್ಬನ್. ಇಲ್ಲಿ ಕಕಾರ ಪಕ್ಕದ ಗಕಾರವನ್ನು ನುಂಗಿಕೊಂಡಿತು. ಈ ಹೆಸರಿನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಅದರ ಒಡಲಲ್ಲಿರುವ 'ಗಿಬ್ಬನ್'. ಅದು ಗೇಲಿಕ್ ಪದವಲ್ಲ. ಜರ್ಮಾನಿಕ್ ಮೂಲದ ಗಿಲ್ಬರ್ಟ್ ಎಂಬ ಹೆಸರನ್ನು 1066ರ ದಂಡಯಾತ್ರೆಯಿಂದಾಚೆಗೆ ನಾರ್ಮನ್ನರು ಇಂಗ್ಲೆಂಡಿನಲ್ಲಿ ಹರಡಿದರು. ಮನೆಮಾತಿನಲ್ಲಿ ಅದು ಗಿಬ್ ಆಯಿತು, ಮುದ್ದಿಗೆ ಗಿಬ್ಬನ್ ಆಯಿತು. ಇಂಗ್ಲೆಂಡಿನ ಗಿಬ್ಸನ್, ಗಿಬ್ಸ್, ರೋಮ್ ಸಾಮ್ರಾಜ್ಯದ ಇತಿಹಾಸ ಬರೆದ ಎಡ್ವರ್ಡ್ ಗಿಬ್ಬನ್, ಐರ್ಲೆಂಡಿನ ಫಿಟ್ಜ್‌ಗಿಬ್ಬನ್ ಎಲ್ಲ ಇದೇ ಬೇರಿನವು. ಮ್ಯಾನ್ ದ್ವೀಪದವರು ಆ ಪರದೇಶಿ ಹೆಸರನ್ನು ತಮ್ಮ ವ್ಯಾಕರಣದೊಳಗೆ ಕೂರಿಸಿ ಗೇಲಿಕ್ ಮಾಡಿಕೊಂಡರು, ಅನಂತರದ ಗುಮಾಸ್ತರು ಅದನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದರು. ಆದ್ದರಿಂದ ಇದನ್ನು ಇಂಗ್ಲಿಷ್ ಹೆಸರೆಂದು ಎಣಿಸುವುದು ಹೊರಗಿನ ಬರಹವನ್ನಷ್ಟೇ ನೋಡಿದಂತೆ.

ಈ ಬದಲಾವಣೆಯ ಕಾಲವನ್ನು ದ್ವೀಪದ ಕಂದಾಯ ದಾಖಲೆಗಳಿಂದ ಅಂದಾಜು ಮಾಡಬಹುದು. 1511ರಿಂದ 1515ರ ಗೇಣಿ ಪಟ್ಟಿಗಳಲ್ಲಿ 'ಮ್ಯಾಕ್' ಹೊತ್ತ ಹೆಸರುಗಳು ತುಂಬಿವೆ. ಹದಿನೇಳನೆಯ ಶತಮಾನದ ಆರಂಭದ ಕಾಗದಪತ್ರಗಳಿಗೆ ಬರುವಷ್ಟರಲ್ಲಿ ಅದು ಬಹುಮಟ್ಟಿಗೆ ಮಾಯವಾಗಿದೆ. 1405ರಿಂದ ದ್ವೀಪ ಲ್ಯಾಂಕಷೈರಿನ ಸ್ಟ್ಯಾನ್ಲಿ ಮನೆತನದ ಕೈಯಲ್ಲಿತ್ತು. ಅವರ ಇಂಗ್ಲಿಷ್ ಗುಮಾಸ್ತರೇ 'ಮ್ಯಾಕ್' ಕತ್ತರಿಸಿದರು ಎಂಬ ವಿವರಣೆ ಸುಲಭ, ಆದರೆ ಸಾಲದು. ಕತ್ತರಿಸಿದ್ದರೆ ಕಕಾರವೂ ಹೋಗಿ ಗಿಬ್ಬನ್ ಉಳಿಯಬೇಕಿತ್ತು. ಕಕಾರ ಉಳಿದಿರುವುದೇ ಬದಲಾವಣೆ ಮೊದಲು ಜನರ ನಾಲಿಗೆಯಲ್ಲಿ ಆಯಿತು ಎಂಬುದಕ್ಕೆ ಸಾಕ್ಷಿ. ಗುಮಾಸ್ತರು ಕೇಳಿದ್ದನ್ನು ಬರೆದರು.

ದ್ವೀಪದ ಉತ್ತರ ತುದಿಯಿಂದ 30 ಕಿ.ಮೀ.ಗಿಂತ ಕಡಿಮೆ ದೂರದಲ್ಲಿರುವ ಸ್ಕಾಟ್ಲೆಂಡಿನ ಗ್ಯಾಲೊವೇ ಸೀಮೆಯಲ್ಲೂ ಅದರ ನೆರೆಯ ಏರ್‌ಷೈರಿನಲ್ಲೂ ಇದೇ ಹೆಸರು 'ಮೆಕ್‌ಕಬಿನ್' ಆಗಿ, ತಲೆಯ ಮೇಲಿನ 'ಮ್ಯಾಕ್' ಕಳಚದೆ ಉಳಿದಿದೆ. ಆಸ್ಟ್ರೇಲಿಯಾದ ಪ್ರಸಿದ್ಧ ಚಿತ್ರಕಾರ ಫ್ರೆಡರಿಕ್ ಮೆಕ್‌ಕಬಿನ್ ಏರ್‌ಷೈರಿನಿಂದ ವಲಸೆ ಬಂದವನ ಮಗ. ಹಾಗೆಂದು ಕಬ್ಬನ್ನರೂ ಮೆಕ್‌ಕಬಿನ್ನರೂ ಒಂದೇ ರಕ್ತದವರು ಎನ್ನಲಾಗದು. ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಬ್ರಿಟಿಷ್ ಅಡ್ಡಹೆಸರುಗಳ ಗಂಡಸರ ವೈ ವರ್ಣತಂತುಗಳನ್ನು ಹೋಲಿಸಿದಾಗ, ಹೆಸರು ಅಪರೂಪವಾದಷ್ಟೂ ಅದನ್ನು ಹೊತ್ತವರಿಗೆ ಒಬ್ಬನೇ ಮೂಲಪುರುಷನಿರುವ ಸಂಭವ ಹೆಚ್ಚು ಎಂದು ಕಂಡುಬಂತು. ಆದರೆ ಗಿಬ್ಬನ್ ಎಲ್ಲೆಡೆ ಬಳಕೆಯಲ್ಲಿದ್ದ ಹೆಸರು. ಸಮುದ್ರದ ಎರಡು ದಡಗಳಲ್ಲಿ ಇಬ್ಬರು ಬೇರೆ ಬೇರೆ ಗಿಬ್ಬನ್ನರ ಮಕ್ಕಳು ಒಂದೇ ಬಗೆಯ ಹೆಸರು ಪಡೆದಿರಬಹುದು ಎಂಬ ಕಡೆಗೇ ನನ್ನ ಒಲವು.

ದ್ವೀಪದಾಚೆಗೆ ಮ್ಯಾಂಕ್ಸ್ ಹೆಸರುಗಳು ಹರಡಿದ್ದು ವಲಸೆಯಿಂದ. ಹತ್ತಿರದ ಲಿವರ್‌ಪೂಲ್ ಮೊದಲ ನೆಲೆ. 1820ರ ದಶಕದ ಕೊನೆಯಲ್ಲಿ ಹಲವು ಕುಟುಂಬಗಳು ಅಮೆರಿಕದ ಒಹಾಯೊಗೆ ಹೋಗಿ ಕ್ಲೀವ್‌ಲ್ಯಾಂಡ್ ಸುತ್ತ ನೆಲೆಸಿದವು. ಊರಲ್ಲೇ ಉಳಿದ ಕಬ್ಬನ್ನರಲ್ಲಿ ಹೆಸರಿಸಲೇಬೇಕಾದವರು ವಿಲಿಯಂ ಕಬ್ಬನ್ (1865–1955). ಮ್ಯಾಂಕ್ಸ್ ಮ್ಯೂಸಿಯಮ್ಮಿನ ನಿರ್ದೇಶಕರಾಗಿದ್ದ ಅವರು 1930ರ ದಶಕದಲ್ಲಿ ಎರಡು ಸಂಪುಟಗಳಲ್ಲಿ ತಂದ ಗ್ರಂಥಸೂಚಿ ಇಲ್ಲದೆ ದ್ವೀಪದ ಯಾವ ಚರಿತ್ರೆಯ ಕೆಲಸವೂ ಸಾಗದು.

ಬೆಂಗಳೂರಿಗೆ ಈ ಹೆಸರು ಬಂದ ದಾರಿಯೇ ಬೇರೆ. ಅದನ್ನು ತಂದ ಮಾರ್ಕ್ ಕಬ್ಬನ್ ಹುಟ್ಟಿದ್ದು 1775ರಲ್ಲಿ. ತಂದೆ ದ್ವೀಪದ ಮ್ಯಾಕಲ್ಡ್ ಚರ್ಚಿನ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್ ಮೈಸೂರಿನ ರೆಸಿಡೆಂಟ್ ಆಗಿದ್ದು, ದಕ್ಷಿಣ ಭಾರತದ ಚರಿತ್ರೆ ಬರೆದವನು. ಅಳಿಯ 1800ರಲ್ಲಿ ಮದರಾಸಿನ ಕಂಪನಿ ಸೈನ್ಯ ಸೇರಿ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿ ಬೆಂಗಳೂರಿನಿಂದ ಆಡಳಿತ ನಡೆಸಿದ. ನಿವೃತ್ತನಾಗಿ ಊರಿಗೆ ಹೊರಟವನು ಸೂಯೆಜ್‌ನಲ್ಲಿ ತೀರಿಕೊಂಡ. ಅವನನ್ನು ಹೂಳಿದ್ದು, ರೂನ್ ಲಿಪಿಯ ಬರಹವೂ ಇರುವ ಹಳೆಯ ಕಲ್ಲುಶಿಲುಬೆಗಳ ಮ್ಯಾಕಲ್ಡ್ ಚರ್ಚಿನ ಅಂಗಳದಲ್ಲೇ.

ಅವನು ಮದುವೆಯಾಗಿರಲಿಲ್ಲ. ಅಡ್ಡಹೆಸರುಗಳ ಪ್ರಸಾರವನ್ನು ಜನಗಣತಿಯಿಂದ ಅಳೆಯುವ ಪದ್ಧತಿಗೆ ಬೆಂಗಳೂರಿನಂಥ ಊರು ಕಾಣಿಸುವುದೇ ಇಲ್ಲ, ಏಕೆಂದರೆ ಇಲ್ಲಿ ಆ ಹೆಸರನ್ನು ಹೊತ್ತಿರುವುದು ಅವನ ವಂಶವಲ್ಲ, ಸ್ಥಳಗಳು. 1927ರಲ್ಲಿ ಉದ್ಯಾನಕ್ಕೆ ಶ್ರೀ ಚಾಮರಾಜೇಂದ್ರ ಪಾರ್ಕ್ ಎಂದು ಅಧಿಕೃತವಾಗಿ ಹೆಸರಿಟ್ಟರೂ ಜನ ಕಬ್ಬನ್ ಪಾರ್ಕ್ ಎನ್ನುವುದನ್ನು ಬಿಡಲಿಲ್ಲ. ಇನ್ನು ಮಗ್ಗಗಳ ಸದ್ದಿನ ಕಬ್ಬನ್‌ಪೇಟೆಯಲ್ಲಿ ತಲೆಮಾರುಗಳಿಂದ ಬಾಳಿದ ನೇಕಾರ ಕುಟುಂಬಗಳಿಗೆ ಅದು ಮನೆಯ ವಿಳಾಸ.