ಇರಲಾರದ ಎಲೆ

ವಿದ್ಯಾರ್ಥಿಯ ಪ್ರಶ್ನೆಗೆ ‘ಹಾಗಿರಲು ಸಾಧ್ಯವಿಲ್ಲ’ ಎಂದು ಹೇಳಿ ಮುಗಿಸುವುದು ಉಪಾಧ್ಯಾಯರಿಗೆ ಬಲು ಸುಲಭ. ಮೇಷ್ಟರಾದ ನನಗೂ ಆ ಅಭ್ಯಾಸ ಇಲ್ಲದಿಲ್ಲ. ಆದರೆ ಇಂಗ್ಲೆಂಡಿನ ಒಂದು ಕಲ್ಲಿನ ಕಥೆಯನ್ನು ಓದಿದಂದಿನಿಂದ ಆ ಮಾತನ್ನಾಡುವಾಗ ನಾಲಿಗೆ ತುಸು ತಡೆಯುತ್ತದೆ.

1956ನೆಯ ಇಸವಿ. ಲೆಸ್ಟರ್ ನಗರಕ್ಕೆ ಸಮೀಪದ ಚಾರ್ನ್‌ವುಡ್ ಅರಣ್ಯದ ಹಳೆಯ ಕಲ್ಲುಗಣಿಯೊಂದರಲ್ಲಿ, ಟೀನಾ ಎಂಬ ಹದಿನೈದು ವರ್ಷದ ಬಾಲಿಕೆ ಬಂಡೆಯ ಮೇಲೆ ಜರಿಗಿಡದ ಎಲೆಯಂಥ ಅಚ್ಚೊಂದನ್ನು ಕಂಡಳು. ಪಳೆಯುಳಿಕೆಯೇ ಇರಬೇಕೆಂದು ತನ್ನ ಭೂಗೋಳದ ಉಪಾಧ್ಯಾಯರನ್ನು ಕೇಳಿದಳು. ಆ ಬಂಡೆಗಳು ಕೇಂಬ್ರಿಯನ್ ಯುಗಕ್ಕಿಂತ ಹಿಂದಿನವು; ಅಂಥವುಗಳಲ್ಲಿ ಪಳೆಯುಳಿಕೆ ಇರುವುದಿಲ್ಲ ಎಂಬ ಉತ್ತರ ಬಂತು. ಹುಡುಗಿ ಸುಮ್ಮನಿರದೆ ಮತ್ತೆ ಹೋಗಿ, ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಅಚ್ಚು ತೆಗೆದುಕೊಂಡು ಬಂದಳು. ಆದರೂ ಅವಳ ಮಾತು ಅಲ್ಲಿಗೇ ನಿಂತಿತು.

ಆ ಉಪಾಧ್ಯಾಯರನ್ನು ಮಾತ್ರ ದೂರಿ ಫಲವಿಲ್ಲ. ಪುಸ್ತಕಗಳೆಲ್ಲ ಹೇಳುತ್ತಿದ್ದುದೂ ಅದನ್ನೇ. ಕೇಂಬ್ರಿಯನ್ ಯುಗ ಮೊದಲಾದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಕೆಳಗಿನ ಪದರಗಳಲ್ಲಿ ಜೀವಿಗಳ ಗುರುತು ಏಕೆ ಕಾಣುವುದಿಲ್ಲವೆಂಬುದು, 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡಾರ್ವಿನ್ನನೇ ಒಪ್ಪಿಕೊಂಡ ದೊಡ್ಡ ತೊಡಕು.

ಮರುವರ್ಷ, 1957ರಲ್ಲಿ, ಗೆಳೆಯರೊಡನೆ ಬಂಡೆ ಹತ್ತಲು ಹೋಗಿದ್ದ ರೋಜರ್ ಮೇಸನ್ ಎಂಬ ಶಾಲಾಬಾಲಕ ಅದೇ ಅಚ್ಚನ್ನು ಕಂಡನು. ಅವನೂ ಕಾಗದದ ಮೇಲೆ ಉಜ್ಜಿ ಪ್ರತಿ ತೆಗೆದನು. ಅವನ ತಂದೆಗೆ ಲೆಸ್ಟರ್ ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ಟ್ರೆವರ್ ಫೋರ್ಡರ ಪರಿಚಯವಿತ್ತು. ಫೋರ್ಡರಿಗೂ ಮೊದಲು ನಂಬಿಕೆ ಬರಲಿಲ್ಲ. ಆದರೆ ಅವರು ಸಂದೇಹವನ್ನು ಹೊತ್ತುಕೊಂಡೇ ಗಣಿಗೆ ಹೋಗಿ ಕಣ್ಣಾರೆ ನೋಡಿದರು. ಕಥೆಯ ತಿರುವು ಇಷ್ಟೇ.

1958ರಲ್ಲಿ ಆ ಜೀವಿಗೆ ‘ಚಾರ್ನಿಯಾ ಮೇಸೋನಿ’ ಎಂಬ ಹೆಸರಿಟ್ಟು ಫೋರ್ಡ್ ಪ್ರಬಂಧ ಪ್ರಕಟಿಸಿದರು. ಅದು ಪಾಚಿಯ ಜಾತಿಯಿರಬಹುದೆಂಬ ಅವರ ಊಹೆ ಮುಂದೆ ನಿಲ್ಲಲಿಲ್ಲ. ಬೆಳಕೇ ಹೋಗದ ಆಳದ ಕಡಲ ತಳದಲ್ಲಿ ಪಾಚಿ ಬದುಕಲಾರದು. ಆದರೆ ಕೇಂಬ್ರಿಯನ್ನಿಗೆ ಹಿಂದೆಯೂ ಕಣ್ಣಿಗೆ ಕಾಣುವಷ್ಟು ದೊಡ್ಡ ಜೀವಿಗಳಿದ್ದುವೆಂಬುದು ಸ್ಥಿರವಾಯಿತು. ಆ ಶಿಲೆಯ ವಯಸ್ಸು ಸುಮಾರು 56 ಕೋಟಿ ವರ್ಷ.

ಹಾಗೆಂದು ಕಂಡದ್ದನ್ನೆಲ್ಲ ಪಳೆಯುಳಿಕೆಯೆಂದು ಒಪ್ಪಬೇಕೆ? ನಮ್ಮ ದೇಶದಲ್ಲೇ ಇದಕ್ಕೆ ಉತ್ತರವಿದೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಮೇಲ್ಭಾಗದಲ್ಲಿ ಕಂಡ ಎಲೆಯಾಕಾರದ ಗುರುತೊಂದನ್ನು, ಚಾರ್ನಿಯಾದ ಕಾಲದ ‘ಡಿಕಿನ್ಸೋನಿಯಾ’ ಎಂಬ ಜೀವಿಯೆಂದು 2021ರಲ್ಲಿ ಪಂಡಿತರೇ ಸಾರಿದರು. ಬೇರೆ ವಿಜ್ಞಾನಿಗಳು ಅಲ್ಲಿಗೆ ಹೋಗಿ ನೋಡಿದರೆ, ಅದು ಬಂಡೆಯಿಂದ ಕಳಚಿಕೊಳ್ಳುತ್ತಿತ್ತು! ಹೆಜ್ಜೇನು ಕಟ್ಟಿ ಬಿಟ್ಟುಹೋದ ಹುಟ್ಟಿನ ಕಲೆ ಅದೆಂದು 2023ರಲ್ಲಿ ತಿಳಿಯಿತು. ಮೊದಲು ಸಾರಿದವರೂ ತಪ್ಪನ್ನು ಒಪ್ಪಿಕೊಂಡರು. ಅದು ಅವರ ದೊಡ್ಡತನ.

ಒಂದು ಕಡೆ ‘ಇಲ್ಲ’ವೆಂದವರು ಸೋತರು, ಇನ್ನೊಂದು ಕಡೆ ‘ಇದೆ’ಯೆಂದವರು ಸೋತರು. ಎರಡು ಕಡೆಯೂ ಗೆದ್ದದ್ದು ಹೋಗಿ ನೋಡಿದ ಕಣ್ಣು.

ಮೇಸನ್ ಮುಂದೆ ಭೂವಿಜ್ಞಾನದ ಪ್ರಾಧ್ಯಾಪಕರಾದರು. ತಮಗಿಂತ ಮೊದಲು ಹುಡುಗಿಯೊಬ್ಬಳು ಅದನ್ನು ಕಂಡಿದ್ದಳೆಂಬುದನ್ನು ಅವರು ಮನಸಾರೆ ಒಪ್ಪಿದ್ದಾರೆ. ಆದರೂ ಜೀವಿಯ ಹೆಸರಿನಲ್ಲಿ ಉಳಿದದ್ದು ಮೇಸನ್ನರ ಹೆಸರೇ. ಒಂದು ಮಧ್ಯಾಹ್ನ ಆ ಬಾಲಿಕೆಯೊಡನೆ ಗಣಿಯವರೆಗೆ ನಡೆದುಹೋಗುವ ಹಿರಿಯರೊಬ್ಬರು ಇದ್ದಿದ್ದರೆ! ತರಗತಿಯಲ್ಲಿ ಕೈಯೆತ್ತಿದ ಹುಡುಗಿಯನ್ನು ಕಂಡಾಗಲೆಲ್ಲ ನನಗೀಗ ಆ ಎಲೆ ನೆನಪಾಗುತ್ತದೆ.