ಇಟ್ಟದ್ದು, ಬಿದ್ದದ್ದು, ಮರೆತದ್ದು

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು ಗಂಗರ ಕಾಲದಲ್ಲಿ ಬೆಂಪೂರು ಎಂದು ಹೆಸರಾಗಿದ್ದ ಊರು. ಇಲ್ಲಿಯ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ ಹಳಗನ್ನಡ ಶಾಸನವು 'ಬೆಂಗಳೂರು' ಎಂಬ ಹೆಸರನ್ನು ಹೇಳುವುದರಿಂದ ಎಲ್ಲರಿಗೂ ಪರಿಚಿತವಾಗಿದೆ. ಇದೇ ಊರಿನಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ದೊಡ್ಡ ವೀರಗಲ್ಲಿಗೆ ಅಷ್ಟು ಪ್ರಚಾರ ದೊರೆತಿಲ್ಲ. ಅಯ್ಯಪದೇವನಿಗೂ ವೀರಮಹೇಂದ್ರನಿಗೂ ನಡೆದ ಕಾಳಗದಲ್ಲಿ ನಾಗತ್ತರನು ತುಂಬೆಪಾಡಿಯಲ್ಲಿ ಹೋರಾಡಿ ಮಡಿದನೆಂದೂ, ಅದನ್ನು ಕೇಳಿದ ಗಂಗದೊರೆ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟನೆಂದೂ ಆ ಕಲ್ಲು ತಿಳಿಸುತ್ತದೆ. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಬರೆಯಿಸಲಾಗಿದೆ. ನಾಗತ್ತರನ ಮನೆತನಕ್ಕೂ ಜಿನಧರ್ಮಕ್ಕೂ ಸಂಬಂಧವಿತ್ತು. ಅವನ ಮಗಳು ತೊಂಡಬ್ಬೆಯು ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಸಂಗತಿಯನ್ನು ಬೇಗೂರಿನ ಮತ್ತೊಂದು ಶಾಸನವು ಉಳಿಸಿಕೊಂಡಿದೆ.

ಕೊಟ್ಟವನು ಯಾರು, ಪಡೆದವನು ಯಾರು, ಕೊಟ್ಟದ್ದು ಏನು ಎಂಬ ಮೂರನ್ನೂ ಈ ಕಲ್ಲು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ. ಕರ್ನಾಟಕದ ಸಾವಿರಾರು ದಾನಶಾಸನಗಳ ಕೆಲಸವೇ ಅದು. ಸೊತ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕಾದರೆ ನಡುವೆ 'ಕೊಡುವುದು' ಎಂಬ ಕ್ರಿಯೆ ನಡೆಯಬೇಕು, ಅದಕ್ಕೆ ಸಾಕ್ಷಿ ಇರಬೇಕು ಎಂಬ ತಿಳಿವಳಿಕೆ ಹಿಂದಿನವರಲ್ಲಿ ಗಟ್ಟಿಯಾಗಿತ್ತು. ಕಳೆದುಹೋದ ಒಡವೆಯ ತೊಡಕು ಇಲ್ಲಿಯೇ ಇದೆ. ಅದು ಕೈ ಬದಲಾಯಿಸುತ್ತದೆ; ಆದರೆ ಕೊಟ್ಟವನಿಲ್ಲ.

ಬೇಗೂರಿನ ಸುತ್ತಲಿನ ಹೊಲಗದ್ದೆಗಳು ಬಡಾವಣೆಗಳಾಗಿ, ಹಳೆಯ ಮಣ್ಣು ಅಡಿಪಾಯಕ್ಕಾಗಿ ಮೇಲಕ್ಕೆ ಬರುತ್ತಿರುವ ಈ ಕಾಲದಲ್ಲಿ ಈ ತೊಡಕು ಬರಿಯ ಪಾಠದ ವಿಷಯವಲ್ಲ. ಮಣ್ಣಿನೊಳಗಿನ ಲೋಹವನ್ನು ಸದ್ದಿನಿಂದ ತಿಳಿಸುವ ಮೆಟಲ್ ಡಿಟೆಕ್ಟರ್ ಯಂತ್ರವನ್ನು ಹಿಡಿದು ಬಯಲಿನಲ್ಲಿಯೂ ಕಡಲ ದಂಡೆಯಲ್ಲಿಯೂ ಹುಡುಕುವುದು ಹೊರದೇಶಗಳಲ್ಲಿ ಬಹುಜನರ ಹವ್ಯಾಸ. ಹೀಗೆ ಹುಡುಕುವವನಿಗೆ ಒಂದು ಉಂಗುರ ಸಿಕ್ಕಿತೆನ್ನೋಣ. ಅದು ಅವನದಾಗುತ್ತದೆಯೇ, ಅಥವಾ ಕಳೆದುಕೊಂಡವರನ್ನು ಅರಸಿ ಮುಟ್ಟಿಸುವುದು ಅವನ ಕರ್ತವ್ಯವೇ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುವಾಗ ಈ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡಂತಿದೆ. ಕಳ್ಳತನವೆಂದರೆ ಕನ್ನ ಹಾಕುವುದು, ಗಂಟು ಕದಿಯುವುದು ಎಂದು ಅವರು ತೊಡಗುವುದಿಲ್ಲ. ಒಬ್ಬರು ಒಂದೆಡೆ ಇಟ್ಟದ್ದು, ಕೈತಪ್ಪಿ ಬಿದ್ದದ್ದು, ಪೂರ್ಣವಾಗಿ ಮರೆತುಬಿಟ್ಟದ್ದು, ಈ ಮೂರು ಬಗೆಯ ಪರರ ಸೊತ್ತನ್ನು ಅವರು ಹೆಸರಿಸುತ್ತಾರೆ. ಮೂರನೆಯದು ವಿಶೇಷವಾಗಿ ಗಮನಾರ್ಹ. ಒಡೆಯನೇ ಮರೆತ ಮೇಲೆ ಅದು ಅವನದು ಹೇಗೆ ಎಂದು ಲೋಕ ಕೇಳುತ್ತದೆ. ಮರೆವು ತ್ಯಾಗವಲ್ಲ ಎಂಬುದು ಆಚಾರ್ಯರ ನಿಲುವು. ಬಿಟ್ಟುಕೊಡುವುದಕ್ಕೆ ಮನಸ್ಸು ಬೇಕು. ಮರೆತವನಲ್ಲಿ ಆ ಮನಸ್ಸೇ ಇರಲಿಲ್ಲ.

ಅದೇ ಶ್ಲೋಕದಲ್ಲಿ, ಓದುವಾಗ ಸುಲಭವಾಗಿ ಕಣ್ಣುತಪ್ಪುವ ಇನ್ನೊಂದು ಮಾತಿದೆ. ಅಂತಹ ವಸ್ತುವನ್ನು ತಾನು ತೆಗೆದುಕೊಳ್ಳದಿರುವುದಷ್ಟೇ ಅಲ್ಲ, ಅದನ್ನು ಬೇರೊಬ್ಬರಿಗೆ ಕೊಡಲೂ ಬಾರದು. ಬಸದಿಗಳ ಆಡಳಿತ ನಡೆಸುವವರು ಈ ಮಾತಿನ ಎದುರು ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ದಾರಿಯಲ್ಲಿ ಸಿಕ್ಕ ಹಣವನ್ನು ಇಟ್ಟುಕೊಳ್ಳಲು ಮನಸ್ಸೊಪ್ಪದ ಗೃಹಸ್ಥರು ಅದನ್ನು ದೇವರ ಹುಂಡಿಗೆ ಹಾಕಿ ನಿರಾಳರಾಗುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಅವರ ಉದ್ದೇಶ ನಿರ್ಮಲವೇ ಇರಬಹುದು. ಆದರೆ ದಾನ ಮಾಡಲು ವಸ್ತು ಮೊದಲು ತನ್ನದಾಗಿರಬೇಕಲ್ಲವೆ? ಹುಂಡಿಗೆ ಬಿದ್ದ ಉಂಗುರ ಇತರ ಕಾಣಿಕೆಗಳೊಡನೆ ಕಲೆತು, ಒಟ್ಟು ತೂಕದಲ್ಲಿ ಒಂದಂಕಿಯಾಗಿ ಲೆಕ್ಕ ಸೇರಿದ ಮೇಲೆ ಕಳೆದುಕೊಂಡವರಿಗೆ ಅದು ಶಾಶ್ವತವಾಗಿ ಕಳೆದಂತೆಯೇ. ಬೀದಿಯಲ್ಲಿಯೇ ಬಿದ್ದಿದ್ದರೆ ಹಿಂತಿರುಗಿ ಹುಡುಕುವ ಅವಕಾಶವಾದರೂ ಅವರಿಗಿತ್ತು.

ಕೊಡದುದನ್ನು ಕೊಳ್ಳುವುದೇ ಕಳವೆಂದು ತತ್ತ್ವಾರ್ಥಸೂತ್ರವೂ ಹೇಳುತ್ತದೆ. ಹಾಗಾದರೆ ಊರೊಳಗೆ ಸಂಚರಿಸುವ ಮುನಿಯು ಯಾರೂ ತನಗೆ ಕೊಡದ ಬೀದಿಯಲ್ಲಿ, ಬಾಗಿಲುಗಳಲ್ಲಿ ಕಾಲಿಡುವುದೂ ಕಳವಾಗಬೇಕಲ್ಲವೆ ಎಂಬ ಆಕ್ಷೇಪವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಳ್ಳುತ್ತಾರೆ. ಬೀದಿ ಎಲ್ಲರಿಗೂ ತೆರೆದಿಟ್ಟದ್ದು, ಆದ್ದರಿಂದ ದೋಷವಿಲ್ಲ. ಮುಚ್ಚಿದ ಬಾಗಿಲನ್ನು ಮುನಿ ತೆರೆದು ಹೋಗುವುದಿಲ್ಲ ಎಂಬುದು ಅವರ ಸಮಾಧಾನ. ಯಂತ್ರ ಹಿಡಿದು ಬಯಲಿನಲ್ಲಿ ನಡೆಯುವವನಿಗೆ ಈ ವಿವೇಚನೆ ನೇರವಾಗಿ ಅನ್ವಯಿಸುತ್ತದೆ. ಬಯಲಿನ ಮೇಲೆ ನಡೆಯುವ ಹಕ್ಕು ಎಲ್ಲರದು. ಮಣ್ಣಿನ ಕೆಳಗಿನದು ತೆರೆದಿಟ್ಟದ್ದಲ್ಲ. ಅಲ್ಲದೆ ಕಳವಿಗೆ ಪ್ರಮಾದವೇ, ಅಂದರೆ ಕಷಾಯದಿಂದ ಕೂಡಿದ ಮನೋವ್ಯಾಪಾರವೇ ಮೂಲವೆಂದು ಶಾಸ್ತ್ರ ತಿಳಿಸುವುದರಿಂದ, ದಾರಿಹೋಕನ ಕಾಲಿಗೆ ಅಕಸ್ಮಾತ್ ತಗುಲಿದ ನಾಣ್ಯಕ್ಕೂ ಹಣ ಕೊಟ್ಟು ಯಂತ್ರ ತಂದು, ರಜೆಯ ದಿನ ಅಗೆದು ತೆಗೆದ ನಾಣ್ಯಕ್ಕೂ ಅಂತರವಿದೆ. ಹುಡುಕಲೆಂದೇ ಹೊರಟವನು ಒಡೆಯನನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕಬೇಕಾದುದು ನ್ಯಾಯ.

ಕರ್ನಾಟಕದ ನ್ಯಾಯಪರಂಪರೆಯೂ ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಕಳೆದ ವಸ್ತುವನ್ನು ಅರಸನು ಮೂರು ವರ್ಷ ಕಾದಿಡಬೇಕೆಂದು ಮನುಸ್ಮೃತಿ ಹೇಳಿದರೆ, ಯಾಜ್ಞವಲ್ಕ್ಯಸ್ಮೃತಿ ಒಂದು ವರ್ಷದ ಅವಧಿಯನ್ನು ಹೇಳುತ್ತದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಈ ಎರಡನ್ನೂ ಹೊಂದಿಸುವ ಪ್ರಯತ್ನ ಮಾಡಿದ್ದಾನೆ. ನೆಲದಡಿಯ ನಿಧಿಗೆ ನಿಯಮಗಳು ಬೇರೆ. ವಿಜಯನಗರ ಕಾಲದ ದಾನಪತ್ರಗಳಲ್ಲಿ ಬರುವ ಅಷ್ಟಭೋಗಗಳಲ್ಲಿ ನಿಧಿ, ನಿಕ್ಷೇಪಗಳೆರಡೂ ಸೇರಿವೆ. ಭೂಮಿಯನ್ನು ಕೊಡುವಾಗ ಅದರೊಳಗೆ ಹೂತಿರುವುದರ ಹಕ್ಕನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕಾಗಿತ್ತು. 'ಸಿಕ್ಕಿದವನಿಗೆ ಸೊತ್ತು' ಎಂಬುದು ಈ ನಾಡಿನ ನ್ಯಾಯವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಾಗಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ಬಂದ 1878ರ ನಿಧಿ ಕಾಯ್ದೆಯು ಹತ್ತು ರೂಪಾಯಿಗೆ ಮೀರಿದ ಮೌಲ್ಯದ ಹೂತ ಸೊತ್ತು ಸಿಕ್ಕಿದರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ಹಕ್ಕುದಾರರು ಬರಲೆಂದು ಪ್ರಕಟಣೆ ಹೊರಡಿಸಿ, ನಾಲ್ಕು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳಿಗೆ ಮೀರದ ದಿನವೊಂದನ್ನು ವಿಚಾರಣೆಗೆ ಗೊತ್ತುಪಡಿಸಬೇಕಾಗಿತ್ತು. ನೂರು ವರ್ಷಗಳೊಳಗೆ ಹೂತಿಟ್ಟವರ ಕಡೆಯವರು ಬಂದರೆ ಅವರ ಹಕ್ಕನ್ನು ಕೇಳಬೇಕು. ಯಾರೂ ಬಾರದಿದ್ದರೆ ಮಾತ್ರ ವಾರಸಿಲ್ಲದ ಸೊತ್ತೆಂದು ಸಾರಿ ಸಿಕ್ಕಿದವನಿಗೂ ನೆಲದೊಡೆಯನಿಗೂ ಪಾಲು. ಮುಚ್ಚಿಟ್ಟವನಿಗೆ ಪಾಲಿಲ್ಲ, ಶಿಕ್ಷೆ. ನಮ್ಮ ರಾಜ್ಯವು 1962ರಲ್ಲಿ ತನ್ನದೇ ನಿಧಿ ಕಾಯ್ದೆಯನ್ನು ಮಾಡಿಕೊಂಡಿತು. ಬೀದಿಯಲ್ಲಿ ಸಿಕ್ಕ ಉಂಗುರಕ್ಕಾದರೋ ದಂಡಸಂಹಿತೆಯ 403ನೆಯ ಕಲಮು ಅನ್ವಯವಾಗುತ್ತಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮು ಬಂದಿದೆ. ಒಡೆಯನಿಗೆ ಮುಟ್ಟಿಸಲೆಂದು ಎತ್ತಿಕೊಂಡವನು ತಪ್ಪಿತಸ್ಥನಲ್ಲ. ಒಡೆಯನು ತಿಳಿದಿದ್ದರೂ, ತಿಳಿಯುವ ಉಪಾಯವಿದ್ದರೂ, ಅಥವಾ ತಕ್ಕಷ್ಟು ವಿಚಾರಿಸಿ ತಕ್ಕಷ್ಟು ಕಾಲ ಕಾಯದೆ ತನ್ನದಾಗಿಸಿಕೊಂಡರೆ ಅಪರಾಧಿ. ಅಧಿಕಾರಿಗಳೂ ವಕೀಲರೂ ರೂಪಿಸಿದ ಈ ಕಾನೂನು ಸಮಂತಭದ್ರರ ಮಾತಿಗೆ ಇಷ್ಟು ಸಮೀಪ ಬಂದು ನಿಂತಿರುವುದು ಸೋಜಿಗವೇ ಸರಿ.

ಹುಡುಕಲು ಆದ ವೆಚ್ಚದ ಮಾತೇನು? 1872ರ ಕರಾರು ಕಾಯ್ದೆಯ ಪ್ರಕಾರ ಸಿಕ್ಕಿದವನು ತಾನು ಪಟ್ಟ ಶ್ರಮಕ್ಕೂ ವೆಚ್ಚಕ್ಕೂ ಪರಿಹಾರ ಬರುವವರೆಗೆ ವಸ್ತುವನ್ನು ತಡೆಹಿಡಿಯಬಹುದು. ಒಡೆಯನು ಬಹುಮಾನ ಸಾರಿದ್ದರೆ ಅದನ್ನು ದಾವೆ ಹೂಡಿಯೂ ಪಡೆಯಬಹುದು. ವೆಚ್ಚವನ್ನು ಪಡೆಯುವುದರಿಂದ ಶ್ರಾವಕನ ವ್ರತಕ್ಕೆ ಭಂಗವಿಲ್ಲವೆನ್ನಬಹುದು. ತಾಯಿಯ ತಾಳಿಯನ್ನು ಕೈಯಲ್ಲಿ ಹಿಡಿದುಕೊಂಡು ಮಗನೊಡನೆ ಚೌಕಾಸಿಗೆ ಇಳಿಯುವುದು ಮಾತ್ರ ಕಾನೂನಿಗೆ ಒಪ್ಪಿತವಾದರೂ ಧರ್ಮಕ್ಕೆ ಸಲ್ಲದು.

ಹವ್ಯಾಸಿಗಳೆಲ್ಲರೂ ಲೋಭಿಗಳೆಂದು ಭಾವಿಸಬೇಕಾಗಿಲ್ಲ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಹಾಕ್ಸ್‌ನ್ ಗ್ರಾಮದಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಅವನ ಸ್ನೇಹಿತನು ಲೋಹಶೋಧಕ ಯಂತ್ರದೊಡನೆ ಹೋದನು. ಸಿಕ್ಕಿದ್ದು ರೋಮನ್ ಕಾಲದ ಪೆಟ್ಟಿಗೆ. ಎಲ್ಲವನ್ನೂ ಅಗೆದುಕೊಳ್ಳದೆ ಅವರು ಒಡನೆ ತಿಳಿಸಬೇಕಾದವರಿಗೆ ತಿಳಿಸಿದರು. ಪುರಾತತ್ತ್ವಜ್ಞರು ಬಂದು ಕ್ರಮವಾಗಿ ಉತ್ಖನನ ಮಾಡಿದಾಗ 14,865 ನಾಣ್ಯಗಳೂ ಚಿನ್ನ ಬೆಳ್ಳಿಯ ಸುಮಾರು 200 ವಸ್ತುಗಳೂ ದೊರೆತವು. ಒಂದು ಬಳೆಯ ಮೇಲೆ ಜೂಲಿಯಾನಾ ಎಂಬ ಹೆಂಗಸಿನ ಹೆಸರಿತ್ತು. ಸಾವಿರದ ಆರುನೂರು ವರ್ಷಗಳ ಹಿಂದಿನ ಆ ಒಡತಿಗೆ ಮರಳಿಸುವುದು ಸಾಧ್ಯವಿರಲಿಲ್ಲ. ಅವಳ ಹೆಸರನ್ನಾದರೂ ಬೆಳಕಿಗೆ ತರುವುದು ಸಾಧ್ಯವಾಯಿತು. ಹದಿನೇಳೂವರೆ ಲಕ್ಷ ಪೌಂಡು ಬಹುಮಾನವನ್ನು ಸ್ನೇಹಿತನು ರೈತನೊಡನೆ ಹಂಚಿಕೊಂಡನು. ಸುತ್ತಿಗೆಯೂ ಸಿಕ್ಕಿತು, ಅದು ಕೂಡ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದೆ.

ನಮ್ಮ ನಾಡಿನಲ್ಲಿ ನೆಲ ಅಗೆಯುವವರ ವೃತ್ತಾಂತ ಬಹುಪಾಲು ವಿಷಾದಕರ. ನಿಧಿಯಾಸೆಗೆ ಒಡೆದ ಗುಡಿಗಳು, ಕಿತ್ತ ಪೀಠಗಳು ಎಷ್ಟೋ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಕೆಡವಿದ್ದರು. ಇದಕ್ಕೆ ಎದುರಾಗಿ ನಿಲ್ಲುವ ಸಂಗತಿಯೊಂದು 2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ನಡೆಯಿತು. ದಾನಚಿಂತಾಮಣಿ ಅತ್ತಿಮಬ್ಬೆಯು ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಊರು ಅದು. ಮನೆಯೊಂದರ ಅಡಿಪಾಯ ಅಗೆಯುವಾಗ ತಾಮ್ರದ ಪಾತ್ರೆಯಲ್ಲಿ ಸುಮಾರು 460 ಗ್ರಾಂ ಚಿನ್ನದ ಒಡವೆಗಳು ಕಂಡವು. ಶಾಲೆಗೆ ಹೋಗುವ ಬಾಲಕನೊಬ್ಬನು ಅದನ್ನು ಹಿರಿಯರಿಗೆ ತಿಳಿಸಿದನು. ಸ್ಥಿತಿವಂತರಲ್ಲದ ಆ ಕುಟುಂಬವು ಅದನ್ನು ಸರ್ಕಾರಕ್ಕೆ ಒಪ್ಪಿಸಿತು. ಅದು ಪ್ರಾಚೀನ ನಿಧಿಯೋ, ಯಾವುದೋ ಮನೆಯವರು ಭಯಕಾಲದಲ್ಲಿ ಬಚ್ಚಿಟ್ಟ ಒಡವೆಯೋ ಎಂಬ ಚರ್ಚೆ ಆಮೇಲೆ ಹುಟ್ಟಿತು. ಒಪ್ಪಿಸಿದ್ದರಿಂದಲೇ ಆ ಚರ್ಚೆ ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಅಕ್ಕಸಾಲಿಗನ ಕುಲುಮೆಗೆ ಹೋಗಿದ್ದರೆ ಪ್ರಶ್ನೆಯೂ ಕರಗಿಹೋಗುತ್ತಿತ್ತು.

ಒಪ್ಪಿಸಲು ಸಿದ್ಧನಾದವನಿಗೂ ಒಂದು ಅಳುಕು ಉಳಿಯುತ್ತದೆ. ನಿಜವಾದ ಒಡೆಯನನ್ನು ಗುರುತಿಸುವುದು ಹೇಗೆ? 'ನನ್ನದು' ಎಂದು ಹತ್ತು ಜನ ಬಂದರೆ? ಜೈನ ಕಥಾಸಾಹಿತ್ಯದ ಸತ್ಯಘೋಷನ ವೃತ್ತಾಂತದಲ್ಲಿ ಇದಕ್ಕೆ ಉತ್ತರವಿದೆ. ಸಿಂಹಪುರದ ಪುರೋಹಿತ ಶ್ರೀಭೂತಿಯು ಸತ್ಯವಂತನೆಂದು ಹೆಸರಾಗಿ ಸತ್ಯಘೋಷನೆನಿಸಿಕೊಂಡಿದ್ದವನು. ವ್ಯಾಪಾರಿಯೊಬ್ಬನು ಅವನಲ್ಲಿ ಐದು ರತ್ನಗಳನ್ನು ಇಟ್ಟು ಕಡಲ ಪ್ರಯಾಣಕ್ಕೆ ಹೋದನು. ಹಡಗು ಮುಳುಗಿ ಬರಿಗೈಯಲ್ಲಿ ಮರಳಿದಾಗ ಪುರೋಹಿತನು ರತ್ನಗಳನ್ನು ಕಂಡೇ ಇಲ್ಲವೆಂದನು. ವ್ಯಾಪಾರಿಯು ಅರಮನೆಯ ಬಳಿ ಮರವೇರಿ ರಾತ್ರಿಗಳಲ್ಲಿ ಕೂಗಿಕೊಳ್ಳುತ್ತಿದ್ದನು. ಜನ ಹುಚ್ಚನೆಂದರು. ರಾಣಿ ರಾಮದತ್ತೆಯು ಮಾತ್ರ, ಹುಚ್ಚನಾದರೆ ದಿನವೂ ಒಂದೇ ಮಾತನ್ನು ಆಡುವನೇ ಎಂದು ಸಂಶಯಪಟ್ಟಳು. ಪುರೋಹಿತನೊಡನೆ ಪಗಡೆಯಾಡಿ ಅವನ ಗುರುತಿನ ವಸ್ತುವನ್ನು ಗೆದ್ದು, ಅದನ್ನು ಅವನ ಹೆಂಡತಿಗೆ ತೋರಿಸಿ ರತ್ನಗಳನ್ನು ತರಿಸಿಕೊಂಡಳು. ಅನಂತರ ರಾಜನು ಅವನ್ನು ತನ್ನ ಭಂಡಾರದ ಅನೇಕ ರತ್ನಗಳೊಡನೆ ಬೆರೆಸಿ ವ್ಯಾಪಾರಿಯ ಮುಂದಿಟ್ಟನು. ಅವನು ತನ್ನ ಐದನ್ನು ಮಾತ್ರ ಆರಿಸಿಕೊಂಡು, ಅವಕ್ಕಿಂತ ಬೆಲೆಬಾಳುವವುಗಳನ್ನು ಮುಟ್ಟದೆ ಬಿಟ್ಟನು.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ಕಥೆಯಿಂದ ದೊರೆಯುವ ಸೂಚನೆ ತೀರ ವ್ಯಾವಹಾರಿಕವಾದುದು. ಮಸ್ತಕಾಭಿಷೇಕ, ಪಂಚಕಲ್ಯಾಣಗಳಂತಹ ಜನಸಂದಣಿಯ ದಿನಗಳಲ್ಲಿ ಕಾಲುಂಗುರ, ಬೆಂಡೋಲೆ, ಸರದ ಕೊಂಡಿಗಳು ಬೀಳುವುದು ಸಹಜ. ಸಿಕ್ಕಿದ್ದನ್ನು ಹುಂಡಿಗೆ ಸೇರಿಸದೆ ಬೇರೆ ಲಕೋಟೆಯಲ್ಲಿಟ್ಟು, ದಿನಾಂಕ, ಸ್ಥಳ, ತಂದುಕೊಟ್ಟವರ ರುಜುಗಳೊಡನೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮಣ್ಣಿನೊಳಗಿಂದ ಬಂದ ಹಳೆಯ ಸೊತ್ತಾದರೆ ತಹಸೀಲ್ದಾರರಿಗೂ, ಬೆಲೆಬಾಳುವ ಒಡವೆಯಾದರೆ ಪೊಲೀಸ್ ಠಾಣೆಗೂ ಅಂದೇ ತಿಳಿಸುವುದು ಕ್ಷೇಮ. ಹೊರಗಿನ ಫಲಕದಲ್ಲಿ ಒಂದು ಒಡವೆ ದೊರೆತಿದೆ ಎಂದಷ್ಟೇ ಬರೆದರೆ ಸಾಕು. ಅದರ ತೂಕವೆಷ್ಟು, ಹರಳು ಯಾವ ಬಣ್ಣದ್ದು, ಕೊಂಡಿ ಯಾವ ಕಡೆ ಸವೆದಿದೆ ಎಂಬುದನ್ನು ಕೇಳಿಕೊಂಡು ಬಂದವರೇ ಹೇಳಲಿ.