ಮಲಪ್ರಭೆಯಿಂದ ಮಾಂಡವಿಯವರೆಗೆ: ಹಳೆಯ ಗೋವೆಗೆ ನಮ್ಮ ನಾಡಿನ ಹಾದಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಿಂದ ಹಳೆಯ ಗೋವೆಗೆ ಯಾತ್ರೆ ಹೋಗುವ ಭಕ್ತಾದಿಗಳಲ್ಲಿ ಅನೇಕರು ತಾವು ಪರನಾಡಿಗೆ ಹೋಗುತ್ತಿದ್ದೇವೆಂದೇ ಭಾವಿಸುತ್ತಾರೆ. ಭಾಷೆ ಬೇರೆ, ಊಟ ಬೇರೆ, ಕಡಲಿನ ಗಾಳಿಯೂ ಬೇರೆ. ಈ ಭಾವನೆ ಸಹಜವೇ. ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದರೆ ಆ ನಗರವು ನಮಗೆ ಪರಕೀಯವಲ್ಲ. ಅಲ್ಲಿಗೆ ಸಾಗುವ ಹಾದಿಯು ಪೋರ್ತುಗೀಜರು ಬರುವುದಕ್ಕಿಂತ ಶತಮಾನಗಳ ಮೊದಲೇ ನಮ್ಮವರ ಕಾಲಡಿ ಸವೆದ ಹಾದಿ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಅದನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ಮೊದಲು ಪ್ರಕೃತಿಯೇ ಹಾಕಿಕೊಟ್ಟ ದಾರಿಯನ್ನು ಗಮನಿಸೋಣ. ಸಂಗೊಳ್ಳಿಯನ್ನು ಮುಟ್ಟಿ, ಮುನವಳ್ಳಿಯನ್ನು ಹಾದು, ನವಿಲುತೀರ್ಥದಲ್ಲಿ ಕಟ್ಟೆಗೆ ನಿಂತು, ರಾಮದುರ್ಗದ ಕಡೆಗೆ ಹರಿಯುವ ಮಲಪ್ರಭೆಯು ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಕಣಕುಂಬಿಯಿಂದ ಮುಂದೆ ಚೋರ್ಲಾ ಘಟ್ಟವನ್ನಿಳಿದರೆ ಗೋವೆ. ಅದೇ ತಾಲೂಕಿನ ಅಡವಿಯಲ್ಲಿ ಹುಟ್ಟುವ ಮಹದಾಯಿಯು ಪಶ್ಚಿಮಕ್ಕೆ ತಿರುಗಿ, ಮಾಂಡವಿ ಎಂಬ ಹೆಸರಿನಿಂದ ಹಳೆಯ ಗೋವೆಯ ಪಾದವನ್ನು ತೊಳೆದು ಸಮುದ್ರ ಸೇರುತ್ತದೆ. ಒಂದೇ ಮಲೆಯ ಮಗಳಂದಿರಲ್ಲಿ ಒಬ್ಬಳು ನಮ್ಮ ಕಡೆಗೆ ಬಂದಳು, ಇನ್ನೊಬ್ಬಳು ಅವರ ಕಡೆಗೆ ಹೋದಳು.

ಕಿತ್ತೂರಿಗೆ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ದೇವಸ್ಥಾನವಿದೆ. ಗೋವೆಯ ಕದಂಬ ಅರಸನಾದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು 12ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯದು. ಹಲಸಿಯೂ ಕಡಲತೀರದ ಗೋಪಕಪಟ್ಟಣವೂ ಆ ಅರಸರ ರಾಜಧಾನಿಗಳಾಗಿದ್ದವು. ಘಟ್ಟದ ಮೇಲಿನ ಜೋಳದ ನಾಡನ್ನೂ ಘಟ್ಟದ ಕೆಳಗಿನ ಬಂದರನ್ನೂ ಒಂದೇ ಸಿಂಹಾಸನವು ಆಳಿದ ಕಾಲವದು. ವಾಚಕರು ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಕದಂಬರ ಗೋಪಕಪಟ್ಟಣವಿದ್ದುದು ಜುವಾರಿ ನದಿಯ ದಡದಲ್ಲಿ. ಅದನ್ನು ಇಂದು ಗೋವಾ ವೇಲ್ಹಾ ಎನ್ನುತ್ತಾರೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರವಿರುವ ಹಳೆಯ ಗೋವೆಯಾದರೋ ಮಾಂಡವಿಯ ದಡದ ವೇಲ್ಹಾ ಗೋವಾ. ಎರಡು ಹೆಸರಿಗೂ ಅರ್ಥ ಒಂದೇ, ಊರುಗಳು ಮಾತ್ರ ಬೇರೆ.

ಮಾಂಡವಿಯ ದಡದ ಈ ಊರು ಬಿಜಾಪುರದ ಆದಿಲಶಾಹಿಯ ವಶದಲ್ಲಿದ್ದಾಗ, 1510ರ ನವೆಂಬರ್ 25ರಂದು ಆಲ್ಬುಕರ್ಕನು ಅದನ್ನು ಗೆದ್ದನು. ಅರಬಸ್ತಾನದ ಕುದುರೆಗಳು ಇಲ್ಲಿಳಿದು ಘಟ್ಟವೇರಿ ವಿಜಯನಗರಕ್ಕೆ ಸಾಗುತ್ತಿದ್ದವು. 1541ರ ಏಪ್ರಿಲ್ 7ರಂದು ಲಿಸ್ಬನ್ನಿನಿಂದ ಹೊರಟ ಸಂತ ಕ್ಸೇವಿಯರರು 1542ರ ಮೇ 6ರಂದು ಇಲ್ಲಿ ಬಂದಿಳಿದರು. ಕಡಲಯಾನವು ಹದಿಮೂರು ತಿಂಗಳು ಹಿಡಿದಿತ್ತು. 1552ರ ಡಿಸೆಂಬರ್ 3ರಂದು ಚೀನಾ ದೇಶದ ಅಂಚಿನ ದ್ವೀಪವೊಂದರಲ್ಲಿ ಅವರು ದೈವಾಧೀನರಾದರು. 1554ರಲ್ಲಿ ಅವರ ಶರೀರವನ್ನು ಗೋವೆಗೆ ತರಲಾಯಿತು.

ಅಂದಿನ ನಗರಸಂಚಾರದ ಚಿತ್ರವನ್ನು 1583ರಲ್ಲಿ ಬಂದ ಡಚ್ಚ ಪ್ರವಾಸಿ ಲಿನ್ಸ್‌ಹೋಟೆನ್ ಬರೆದಿಟ್ಟಿದ್ದಾನೆ. ನದಿಯಿಂದ ಇಳಿದವರು ಹೆಬ್ಬಾಗಿಲನ್ನು ದಾಟಿ ನೇರ ಬೀದಿ ಎಂಬ ಪ್ರಮುಖ ಪೇಟೆಯನ್ನು ಸೇರುತ್ತಿದ್ದರು. ಸಿರಿವಂತರು ಪಲ್ಲಕ್ಕಿಯಲ್ಲಿ ಸಾಗಿದರೆ ಬಡವರು ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಆ ಬೀದಿಯ ಮುಂಜಾನೆಯ ಹರಾಜಿನಲ್ಲಿ ಕುದುರೆಗಳ ಜೊತೆಗೆ ಮನುಷ್ಯರನ್ನೂ ಗುಲಾಮರೆಂದು ಮಾರುತ್ತಿದ್ದರು. 1560ರಿಂದ ಧರ್ಮವಿಚಾರಣಾಪೀಠವೂ ಇದೇ ನಗರದಲ್ಲಿತ್ತು. ಅದು ಪೂರ್ಣವಾಗಿ ರದ್ದಾದುದು 1812ರಲ್ಲಿ. ಸಂತರ ನಗರವೆಂಬ ಕಾರಣಕ್ಕೆ ಇವನ್ನು ಮರೆಮಾಚುವುದು ಸತ್ಯಕ್ಕೆ ಬಗೆಯುವ ದ್ರೋಹ. ಯಾತ್ರಿಕನು ಪ್ರಾರ್ಥನೆಯೊಂದಿಗೆ ಪಶ್ಚಾತ್ತಾಪವನ್ನೂ ಅಲ್ಲಿಗೆ ಒಯ್ಯಬೇಕು. ಮುಂದೆ ಸಾಂಕ್ರಾಮಿಕ ರೋಗಗಳಿಂದ ಜನ ಊರು ತೊರೆದರು; 1843ರಲ್ಲಿ ಪಣಜಿಯು ಅಧಿಕೃತ ರಾಜಧಾನಿಯಾಯಿತು.

ಇತ್ತ ನಮ್ಮ ಎರೆನಾಡಿನ ಹತ್ತಿಗೂ ಕಡಲಿನ ಉಪ್ಪಿಗೂ ಘಟ್ಟಗಳೇ ಬಾಗಿಲುಗಳಾಗಿದ್ದವು. ಲಂಬಾಣಿಗರ ಹೇರೆತ್ತುಗಳೂ ರೈತರ ಚಕ್ಕಡಿಗಳೂ ಈ ಹಾದಿಗಳಲ್ಲಿ ಸಾಗಿದವು. 1880ರ ದಶಕದಲ್ಲಿ ರೈಲು ಬಂದಿತು. ಮುರಗಾಂವ ಬಂದರಿನಿಂದ ಘಟ್ಟದ ನೆತ್ತಿಯ ಕ್ಯಾಸಲ್ ರಾಕ್ ಗಡಿಯವರೆಗೆ ಸುಮಾರು 51 ಮೈಲಿಗಳ ಮೀಟರ್ ಗೇಜ್ ಮಾರ್ಗವು 1888ರ ಹೊತ್ತಿಗೆ ಪೂರ್ಣಗೊಂಡು, ಲೋಂಡಾದ ಮೂಲಕ ಧಾರವಾಡ, ಬೆಳಗಾವಿಗಳಿಗೆ ಕೂಡಿಕೊಂಡಿತು. ನಮ್ಮ ನಾಲ್ಕು ಊರುಗಳಿಗೆ ಹಳಿ ಬರಲಿಲ್ಲ; ನಮ್ಮವರು ಬುತ್ತಿ ಕಟ್ಟಿಕೊಂಡು ಧಾರವಾಡಕ್ಕೋ ಬೆಳಗಾವಿಗೋ ಹೋಗಿ ರೈಲು ಹತ್ತಬೇಕಾಗಿತ್ತು. ಗಡಿಯಲ್ಲಿ ಸುಂಕದವರ ತಪಾಸಣೆ. ಆನಂತರ ದೂಧಸಾಗರದ ಧಬಧಬೆಯ ಮಗ್ಗುಲಲ್ಲೇ ಇಳಿಯುವ ಬಂಡಿ. ಮಡಗಾಂವಿನಲ್ಲಿ ಇಳಿದವರಿಗೂ ಜುವಾರಿ ನದಿ ಅಡ್ಡ ಬರುತ್ತಿತ್ತು. 1983ರಲ್ಲಿ ಸೇತುವೆಯಾಗುವ ತನಕ ಕುಠ್ಠಾಳಿಯಲ್ಲಿ ದೋಣಿ ಹತ್ತಿ ಅಗಶಿಯಲ್ಲಿ ಇಳಿಯಬೇಕಿತ್ತು. ಕದಂಬರ ಗೋಪಕಪಟ್ಟಣದ ನೆಲ ಅದೇ! ದೇಗಾಂವದ ಪಕ್ಕದಿಂದ ಹೊರಟ ಯಾತ್ರಿಕನು ದೇಗಾಂವದ ರಾಣಿಯ ಬಂದರಿನಲ್ಲೇ ಅರಿವಿಲ್ಲದೆ ಕಾಲಿಡುತ್ತಿದ್ದನು.

ಈ ಹಾದಿ ಒಮ್ಮೆ ಮುಚ್ಚಿಯೂ ಹೋಯಿತು. 1952ರಲ್ಲಿ ಪವಿತ್ರ ಶರೀರದ ಪ್ರದರ್ಶನ ನಡೆಯಿತು; 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತವು ಸ್ಥಾಪನೆಯಾಯಿತು. ಅನಂತರ ಗೋವಾ ವಿಮೋಚನೆಯ ಹೋರಾಟ ತೀವ್ರವಾಗಿ, 1955ರಲ್ಲಿ ಗಡಿಯಲ್ಲಿ ದಿಗ್ಬಂಧನ ಬಿದ್ದು ರೈಲು ನಿಂತಿತು. ಘಟ್ಟದ ಎರಡೂ ಕಡೆ ಬಂಧುಗಳಿದ್ದ ಕುಟುಂಬಗಳಿಗೆ ಮದುವೆಗೂ ಮರಣಕ್ಕೂ ಹೋಗಿ ಬರುವುದು ದುಸ್ತರವಾಯಿತು. 1961ರ ಡಿಸೆಂಬರ್ 19ರಂದು ಗೋವೆಯು ವಿಮೋಚನೆಗೊಂಡ ಮೇಲೆ ಬಾಗಿಲು ತೆರೆಯಿತು. 1964ರ ಪ್ರದರ್ಶನಕ್ಕೆ ಹೋದವರು ಗಡಿಯ ಸುಂಕದ ಕಟ್ಟೆಯಿಲ್ಲದೆ ಹೋದ ಮೊದಲ ಪೀಳಿಗೆಯ ಯಾತ್ರಿಕರು.

ಇಂದು ಬೆಳಗಾವಿಯಿಂದ ಬಸ್ಸಿನಲ್ಲಿ ಘಟ್ಟವಿಳಿದರೆ ಅದೇ ದಿನ ಪಣಜಿ. ಅಲ್ಲಿಂದ ಹಳೆಯ ಗೋವೆಗೆ ಸುಮಾರು 10 ಕಿಲೋಮೀಟರ್. ಗೋವೆಯ ಸಾರಿಗೆ ಬಸ್ಸಿನ ಮೇಲೆ ಬರೆದಿರುವ ಹೆಸರು ಕದಂಬ. 1980ರಲ್ಲಿ ಸ್ಥಾಪನೆಯಾದ ಆ ನಿಗಮವು ನಮ್ಮಿಬ್ಬರ ಅರಸುಮನೆತನದ ಹೆಸರನ್ನೇ ಹೊತ್ತಿದೆ. ಹಳೆಯ ಗೋವೆಯನ್ನು ನಡೆದೇ ನೋಡಬೇಕು. 1605ರಲ್ಲಿ ಪ್ರತಿಷ್ಠಾಪಿತವಾದ ಬೋಂ ಜೇಜುಸ್ ಮಹಾದೇವಾಲಯದ ಕೆಂಪು ಜಂಬಿಟ್ಟಿಗೆಯ ಗೋಡೆ, ರಸ್ತೆಯಾಚೆ ಸೆ ಪ್ರಧಾನಾಲಯದ ಒಂಟಿ ಗೋಪುರ, ವೈಸರಾಯನ ಕಮಾನು, ಅದರಾಚೆ ದೀವಾಡಿ ದ್ವೀಪಕ್ಕೆ ಹೋಗುವ ದೋಣಿಯ ಕಟ್ಟೆ ಇವೆಲ್ಲವೂ ವೃದ್ಧರು ಸಹ ನಿಧಾನವಾಗಿ ನಡೆಯಬಹುದಾದ ಅಂತರದಲ್ಲಿವೆ. ಗುಡ್ಡದ ಮೇಲೆ ಕುಸಿದು ನಿಂತಿರುವ ಸಂತ ಆಗಸ್ಟೀನರ ದೇವಾಲಯದ ಗೋಪುರವನ್ನೂ ನೋಡದೆ ಬರಬಾರದು. ಲೌಕಿಕ ವೈಭವದ ಗತಿಯನ್ನು ಅದು ಯಾವ ಪ್ರಸಂಗಕ್ಕಿಂತಲೂ ಸ್ಪಷ್ಟವಾಗಿ ಬೋಧಿಸುತ್ತದೆ.

ಮಹದಾಯಿಯ ನೀರಿಗಾಗಿ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ವ್ಯಾಜ್ಯ ನಡೆದಿದೆ. 2018ರಲ್ಲಿ ನ್ಯಾಯಾಧಿಕರಣದ ತೀರ್ಪು ಬಂದರೂ ಅದು ಶಮನವಾಗಿಲ್ಲ. ಸವದತ್ತಿ, ರಾಮದುರ್ಗಗಳ ಬಾಯಾರಿಕೆ ಸುಳ್ಳಲ್ಲ, ಮಾಂಡವಿಯ ದಡದವರ ಆತಂಕವೂ ಸುಳ್ಳಲ್ಲ. ತೀರ್ಮಾನವನ್ನು ಬಲ್ಲವರು ಹೇಳಲಿ. ಆದರೆ ಆ ಹಾದಿಯಲ್ಲಿ ಸಾಗುವ ನಮ್ಮ ಜನರು ಕಣಕುಂಬಿಯಲ್ಲಿ ಕ್ಷಣಕಾಲ ಇಳಿದು, ಎರಡು ದಿಕ್ಕಿಗೆ ಹರಿಯುವ ನೀರು ಒಂದೇ ಮಳೆಯದೆಂಬುದನ್ನು ನೆನೆಯಲಿ. ನೆರೆಯವರನ್ನು ನೆರೆಯವರೆಂದು ತಿಳಿದು ಹೋದವರ ಯಾತ್ರೆಯೇ ಸಾರ್ಥಕ.